ಮನೆಗಾಡಿಯ ಮೂತಿ ಸೋರುತ್ತಿತ್ತು

ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹೊಸ ಇಂಜಿನಿಯರುಗಳು ಹೋದ ವಾರ ಫೋನ್ ಮಾಡಿ, ಹಳೆಯ ಮನೆಗಾಡಿಯೊಂದು ಶೆಡ್ಡಿಗೆ ಬಂದರೆ ಮೊದಲು ಏನನ್ನು ನೋಡಬೇಕು ಎಂದು ಕೇಳಿದರು. ಮೊದಲು ಮೂಗಿಗೆ ಕೆಲಸ ಕೊಡಿ ಎಂದೆ. ಬಾಗಿಲು ತೆರೆದ ಕೂಡಲೇ ಒಳಗಿನ ವಾಸನೆ ಹಿಡಿಯಬೇಕು. ನೆನೆದ ಗೋಣಿಚೀಲದ ವಾಸನೆ ಬಂದರೆ ಎಂಜಿನಿಯರಿಕೆಯೆಲ್ಲ ಆಮೇಲೆ. ಅವರಿಗೆ ಈ ಉತ್ತರ ಸಾಲಲಿಲ್ಲ ಎಂಬುದು ದನಿಯಲ್ಲೇ ತಿಳಿಯಿತು. ಫೋನಿನಲ್ಲಿ ಹೆಚ್ಚು ಮಾತಾಡಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಸ್ವಲ್ಪ ದೊಡ್ಡದು. ಓದು ಮುಗಿದ ವರ್ಷವೇ ಸೇರಿದ ಕೆಲಸವನ್ನು ಹನ್ನೊಂದು ವರ್ಷ ಮಾಡಿ ಬಿಟ್ಟಿದ್ದೇನೆ. ಕಾರಣ ನನ್ನ ಸ್ವಂತದ್ದು, ಇಲ್ಲಿ ಬೇಡ. ಮತ್ತೆ ಆ ಕೆಲಸಕ್ಕೆ ಹೋಗುವುದಿಲ್ಲ ಎಂದ ಮೇಲೆ ಅದನ್ನು ನಿವೃತ್ತಿ ಎನ್ನದೆ ಇನ್ನೇನನ್ನಬೇಕು ಎಂದು ನಮ್ಮ ಮಾಲೀಕರೇ ತೀರ್ಮಾನಿಸಿ, ಕೊನೆಯ ದಿನ ಶಾಲು ಹೊದಿಸಿ ಕಳಿಸಿದರು.

ಮಾಲೀಕರ ಹೆಸರು ಹೊನ್ನಗಂಗಯ್ಯ. ಶೆಡ್ಡು ಇರುವುದು ನಾಯಂಡಹಳ್ಳಿಯಲ್ಲಿ, ಮೈಸೂರು ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಗೋದಾಮುಗಳ ಸಾಲಿನ ಕೊನೆಯಲ್ಲಿ. ಅವರ ಅಜ್ಜನ ಕಾಲಕ್ಕೆ ಆ ಜಾಗ ರಾಗಿ ಹೊಲವಾಗಿತ್ತು. ತಂದೆ ಅಲ್ಲಿ ಲಾರಿಗಳಿಗೆ ಬಾಡಿ ಕಟ್ಟತೊಡಗಿದರು. ಇವರು ಶೆಡ್ಡಿನ ಅರ್ಧ ಭಾಗವನ್ನು ಮನೆಗಾಡಿಗಳಿಗೆ ಬಿಟ್ಟುಕೊಟ್ಟರು. ಮನೆಗಾಡಿ ಎಂದರೆ ಅಡುಗೆ ಕಟ್ಟೆ, ಬಚ್ಚಲು, ಮಂಚ ಎಲ್ಲ ಇದ್ದು ಎಂಜಿನ್ ಮಾತ್ರ ಇಲ್ಲದ ಗಾಡಿ. ಅದನ್ನು ಎಳೆಯಲು ಬೇರೆ ಲಾರಿ ಬೇಕು. ನಾವು ಕಟ್ಟುತ್ತಿದ್ದದ್ದು ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಚಿಕ್ಕ ಗಾಡಿಯಲ್ಲ. ಎಳೆಯುವ ಲಾರಿಯ ಬೆನ್ನ ಮೇಲೆ ಕುದುರೆ ಲಾಳದಂಥ ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ. ಚಕ್ರವಲ್ಲದಿದ್ದರೂ ಅದಕ್ಕೆ ಫಿಫ್ತ್ ವೀಲ್ ಎಂದೇ ಹೆಸರು. ಮನೆಗಾಡಿಯ ಮುಂಭಾಗ ಎತ್ತರಕ್ಕೆ ಎದ್ದು ಮುಂದಕ್ಕೆ ಚಾಚಿರುತ್ತದೆ. ಅದರ ಅಡಿಯಲ್ಲಿರುವ ಪಿನ್ನು ಆ ತಟ್ಟೆಯ ಬಾಯಿಗೆ ಹೋಗಿ ಕೂತು ಬೀಗ ಬೀಳುತ್ತದೆ. ಈ ಚಾಚಿದ ಭಾಗಕ್ಕೆ ಶೆಡ್ಡಿನಲ್ಲಿ ಎಲ್ಲರೂ ಮೂತಿ ಎನ್ನುತ್ತಾರೆ. ಮಲಗುವ ಕೋಣೆ ಇರುವುದು ಮೂತಿಯೊಳಗೆ. ಇಡೀ ಗಾಡಿಯನ್ನು ಎಳೆಯುವ ಪಿನ್ನಿನ ನೆತ್ತಿಯ ಮೇಲೆಯೇ ಗಾಡಿಯವರ ಹಾಸಿಗೆ.

ಸಂದರ್ಶನಕ್ಕೆ ಹೋದ ದಿನ ಹೊನ್ನಗಂಗಯ್ಯನವರು ನನ್ನ ಅಂಕಪಟ್ಟಿಯನ್ನು ನೋಡಲೇ ಇಲ್ಲ.

“ಲಾರಿ ಶೆಡ್ಡಮ್ಮ ಇದು. ಹೆಣ್ಮಕ್ಕಳು ಯಾರೂ ಇಲ್ಲಿ ಕೆಲಸ ಮಾಡಿಲ್ಲ” ಎಂದರು.

“ಪರವಾಗಿಲ್ಲ ಸಾರ್.”

“ನಿಮಗೆ ಪರವಾಗಿಲ್ಲ, ನನಗಲ್ವಾ ನಾಚಿಕೆ? ನೆಟ್ಟಗೆ ಒಂದು ಟಾಯ್ಲೆಟ್ ಇಲ್ಲ. ಕಟ್ಟೋಕೆ ಹೇಳಿದೀನಿ. ಆಗೋವರೆಗೂ ಗಾಡಿ ಒಳಗಿಂದು ಉಪಯೋಗಿಸ್ಕೊಳ್ಳಿ. ಹಾಗೇ ಅದು ಸರಿಯಾಗಿದ್ಯಾ ಇಲ್ವಾ ಅಂತಲೂ ಹೇಳಿ.”

ನನ್ನ ವೃತ್ತಿಜೀವನದ ಮೊದಲ ತಪಾಸಣಾ ವರದಿ ಹೀಗೆ ಶುರುವಾಯಿತು.

ಅವರಲ್ಲಿ ಒಂದು ಪದ್ಧತಿಯಿತ್ತು. ಹೊಸ ಗಾಡಿ ಸಿದ್ಧವಾದ ದಿನ ಮಧ್ಯಾಹ್ನ ಮುದ್ದೆ ಉಂಡು, ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು, ಮೂತಿಯೊಳಗಿನ ಹಾಸಿಗೆಯಲ್ಲಿ ಒಂದು ನಿದ್ದೆ ಮಾಡುತ್ತಿದ್ದರು. ಆ ಹೊತ್ತು ಶೆಡ್ಡಿನಲ್ಲಿ ಸುತ್ತಿಗೆಯೇಟು ಬಿಟ್ಟು ಬೇರೆಲ್ಲ ಸದ್ದು ನಡೆಯಬಹುದು. ಎದ್ದು ಬಂದು ಎಡಗಡೆಯ ಕಪಾಟು ಗಾಳಿಗೆ ಕಿರುಗುಟ್ಟುತ್ತದೆ, ತಲೆಯ ಬಳಿ ಬಿಸಿಲು ಹೊಡೆಯುತ್ತದೆ ಎಂದು ಹೇಳುತ್ತಿದ್ದರು. ಅವರು ಹೇಳಿದ್ದೆಲ್ಲ ಸರಿಹೋಗುವವರೆಗೆ ಗಾಡಿ ಗೇಟು ದಾಟುವಂತಿರಲಿಲ್ಲ. ನಾನು ಓದಿದ್ದ ಯಾವ ಪುಸ್ತಕದಲ್ಲೂ ಈ ಪರೀಕ್ಷೆ ಇರಲಿಲ್ಲ. ಈಗ ಯೋಚಿಸಿದರೆ, ಇರಬೇಕಿತ್ತು ಅನ್ನಿಸುತ್ತದೆ.

ವೆಲ್ಡಿಂಗ್ ನೋಡಿಕೊಳ್ಳುತ್ತಿದ್ದವನು ಕೊಪ್ಪಳದ ಕಡೆಯ ಶರಣಪ್ಪ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ನಾನು ಸೇರಿದ ಮೊದಲ ವಾರದಿಂದಲೂ ನನ್ನನ್ನು ರೇಗಿಸುವ ಹಕ್ಕನ್ನು ತನ್ನದಾಗಿಸಿಕೊಂಡವನು. ಗೋಡೆಯೊಳಗಿನ ತೇವ ಅಳೆಯುವ ಮೀಟರನ್ನು ನಾನು ಮೊದಲ ಸಲ ತರಿಸಿದಾಗ ಅದನ್ನು ತನ್ನ ಹಣೆಗೆ ಒತ್ತಿಕೊಂಡು, “ಏನ್ ಅಂತೈತ್ರಿ ಮೇಡಂ, ಒಳಗ ಏನರ ಐತೋ ಇಲ್ಲೋ?” ಎಂದಿದ್ದ. ಮೀಟರು ಸೊನ್ನೆ ತೋರಿಸುತ್ತಿದೆ ಎಂದೆ. ಅಂದಿನಿಂದ ನಾವು ಸ್ನೇಹಿತರು.

ಕೆಲಸಕ್ಕೆ ಸೇರುವವರು ತಿಳಿದಿರಬೇಕಾದ ಮಾತೊಂದಿದೆ. ಇಂಥ ಗಾಡಿಗಳು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ವಿಜಯನಗರದ ಬಟ್ಟೆ ವ್ಯಾಪಾರಿಯೊಬ್ಬರು ಗಾಡಿ ಕೊಂಡು ವರ್ಷಕ್ಕೊಮ್ಮೆ ಹೊರಗೆ ತೆಗೆಯುತ್ತಿದ್ದರು. ಟೈರು ಬದಲಿಸಿ ಎಂದರೆ ಬೆರಳಿನಿಂದ ಅದರ ಗೆರೆ ಮುಟ್ಟಿ ತೋರಿಸಿ, “ನೋಡಮ್ಮ, ಹೊಸ ಸೀರೆ ಥರ ಇದೆ, ಮಡಿಕೆ ಕೂಡ ಮುರಿದಿಲ್ಲ” ಎನ್ನುವರು. ಟೈರಿಗೆ ಸವೆತವಲ್ಲದೆ ವಯಸ್ಸೂ ಇದೆ, ನಿಂತಲ್ಲೇ ಬಿಸಿಲಿಗೆ ರಬ್ಬರು ಒಣಗಿ ಬಿರಿಯುತ್ತದೆ ಎಂದು ಹೇಳಿದೆ. ಅವರು ನಕ್ಕು ಹಾಸನಕ್ಕೆ ಹೊರಟರು. ಕುಣಿಗಲ್ ದಾಟುವ ಮೊದಲೇ ಒಂದು ಟೈರು ಸಿಡಿದು, ಅದರ ಚೂರು ಬಡಿದು ಬಚ್ಚಲಿನ ಕೊಳವೆ ಕಿತ್ತುಬಂತು. ಯಾರಿಗೂ ಏಟಾಗಲಿಲ್ಲ. ವಾಪಸು ಬಂದವರು ನನ್ನ ಮೇಲೆ ಕೂಗಾಡಬಹುದು ಎಂದುಕೊಂಡಿದ್ದೆ. ಅವರು ಒಂದು ಡಬ್ಬಿ ಮೈಸೂರು ಪಾಕು ತಂದಿದ್ದರು. “ಬಟ್ಟೇಲೂ ಹಾಗೇ ಅಲ್ವಾ, ಇಟ್ಟಲ್ಲೇ ಮಡಿಕೆ ಬಿಡುತ್ತೆ. ನನಗೆ ಹೊಳೀಲಿಲ್ಲ” ಎಂದರು. ಈ ಕೆಲಸದಲ್ಲಿ ನನಗೆ ಸಿಕ್ಕ ಗಿರಾಕಿಗಳಲ್ಲಿ ಹೆಚ್ಚಿನವರು ಇಂಥವರು.

ಆದರೆ ನಾನು ಹೇಳಹೊರಟಿದ್ದು ಒಂದೇ ಗಾಡಿಯ ಬಗ್ಗೆ. ನಾನು ಸೇರಿದ ವರ್ಷ ಕಟ್ಟಿದ್ದು ಅದು. ಅದರ ಒಡೆಯರು ಬಸವೇಶ್ವರನಗರದ ದಂಪತಿ, ಚನ್ನಕೇಶವ ಅಂಕಲ್ ಮತ್ತು ಕಮಲಮ್ಮ ಮೇಡಂ. ಅಂಕಲ್ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಮೇಡಂ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ವರ್ಷವರ್ಷವೂ ಬೋರ್ಡಿನ ಮೇಲೆ ಭಾರತದ ನಕ್ಷೆ ಬರೆದು ನೀಲಿ ಸೀಮೆಸುಣ್ಣದಲ್ಲಿ ನದಿಗಳನ್ನು ಎಳೆದರೂ, ಶಾಲೆಯ ಪ್ರವಾಸ ಶ್ರೀರಂಗಪಟ್ಟಣದ ಆಚೆ ಹೋದದ್ದಿಲ್ಲ. ನಿವೃತ್ತಿಯ ಹಣದಲ್ಲಿ ಈ ಗಾಡಿ ಕಟ್ಟಿಸಿದಾಗ ಅವರದು ಒಂದೇ ಯೋಜನೆ: ತಾವು ಬರೆದ ನದಿಗಳು ಹುಟ್ಟುವ ಜಾಗಗಳನ್ನು ವರ್ಷಕ್ಕೊಂದರಂತೆ ನೋಡುವುದು. ಅಂಕಲ್ಲಿಗೆ ನದಿಯ ಹುಚ್ಚಿರಲಿಲ್ಲ. “ಸರ್ವಿಸ್ ಪೂರ್ತಿ ಡಿಪೋದವರು ಹೇಳಿದ ರೂಟಲ್ಲಿ ಓಡಿಸ್ದೆ. ಈಗ ಇವಳು ಹೇಳಿದ ರೂಟು. ಡ್ರೈವರ್ ನಸೀಬೇ ಇಷ್ಟು” ಎನ್ನುತ್ತಿದ್ದರು. ಹೇಳುವಾಗ ಮುಖ ಅರಳಿರುತ್ತಿತ್ತು.

ಲಾರಿಗೆ ಗಾಡಿಯನ್ನು ಜೋಡಿಸುವಾಗ ಅವರಿಬ್ಬರನ್ನು ನೋಡಬೇಕು. ಅಂಕಲ್ ಹಿಮ್ಮುಖವಾಗಿ ಬಂದು ಪಿನ್ನನ್ನು ತಟ್ಟೆಗೆ ಕೂರಿಸುತ್ತಿದ್ದರು. ಮೇಡಂ ಟಾರ್ಚ್ ಹಿಡಿದು ಬಗ್ಗಿ, ತಟ್ಟೆಗೂ ಗಾಡಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡುವರು. ಕಂಡರೆ ಸರಿಯಾಗಿ ಕೂತಿಲ್ಲ ಎಂದರ್ಥ. ಆಮೇಲೆ ಗಾಡಿಯ ಬ್ರೇಕ್ ಹಿಡಿದಿಟ್ಟು, ಲಾರಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ಬೀಗ ಬಿದ್ದಿದೆಯೇ ಎಂದು ಪರೀಕ್ಷಿಸುವರು. ಅದಾದ ಮೇಲೆ ಮೇಡಂ ಮೂತಿಯ ಬದಿಗೆ ಕೈಯಲ್ಲಿ ತಟ್ಟಿ, “ರೈಟ್, ರೈಟ್” ಎನ್ನುವರು. ಆ ಮಾತು ಬರುವವರೆಗೆ ಅಂಕಲ್ ಗೇರು ಹಾಕಿದ್ದನ್ನು ನಾನು ನೋಡಿಲ್ಲ. ಈ ಪರೀಕ್ಷೆಯನ್ನು ಬಿಟ್ಟು ಹೊರಟ ಬೇರೊಬ್ಬರ ಗಾಡಿ ಶೆಡ್ಡಿನ ಗೇಟಿನಲ್ಲೇ ಲಾರಿಯ ಬೆನ್ನಿನಿಂದ ಜಾರಿ ಕುಸಿದದ್ದನ್ನು ಕಂಡಿದ್ದೇನೆ. ಹಾಗಾಗಿ ಹೊಸ ಗಿರಾಕಿಗಳಿಗೆ ಪಾಠ ಹೇಳುವ ಬದಲು, ಈ ದಂಪತಿ ಬರುವ ದಿನಕ್ಕೇ ಅವರನ್ನೂ ಕರೆಸಿಬಿಡುತ್ತಿದ್ದೆ.

ಹೊನ್ನಗಂಗಯ್ಯನವರಿಗೆ ಆ ಗಾಡಿಯ ಮೇಲೆ ಬಹಳ ಪ್ರೀತಿ. ತಾವೇ ನಕ್ಷೆ ಬರೆದು, ಪಿನ್ನಿನ ಸುತ್ತಲಿನ ಕಬ್ಬಿಣವನ್ನು ತಾವೇ ಬೆಸೆದು ಕಟ್ಟಿದ ಮೊದಲ ದೊಡ್ಡ ಗಾಡಿ ಅದು. ಆಯುಧ ಪೂಜೆಗೆ ನಮ್ಮ ಗಾಡಿಗಳೆಲ್ಲ ಶೆಡ್ಡಿಗೆ ಬರುವುದು ರೂಢಿ. ಬೇರೆ ಗಾಡಿಗಳಿಗೆ ಹುಡುಗರು ಹೂವು ಹಾಕುತ್ತಿದ್ದರು. ಇದಕ್ಕೆ ಮಾತ್ರ ಅವರೇ ಸ್ನಾನ ಮಾಡಿ ಬಂದು, ಏಣಿ ಹತ್ತಿ, ಮೂತಿಯ ಎರಡೂ ಬದಿಗೆ ಬಾಳೆಕಂದು ಕಟ್ಟುತ್ತಿದ್ದರು. ಪೂಜೆ ಮುಗಿದ ಮೇಲೆ ಬಾಳೆಕಂದು ಬಿಚ್ಚುವುದೂ ಅವರೇ. ಮತ್ತೊಬ್ಬರ ಕೈಗೆ ಕೊಟ್ಟದ್ದಿಲ್ಲ.

ಆ ಗಾಡಿಗೆ ಇದ್ದ ಕಾಯಿಲೆ ಒಂದೇ. ಮೂತಿಯೊಳಗೆ ಹಾಸಿಗೆಯ ಕಾಲ ಬಳಿ, ಕಿಟಕಿಯ ಕೆಳಗೆ, ಮಳೆಗಾಲ ಕಳೆದಾಗ ಚಹಾ ಚೆಲ್ಲಿದಂಥ ಕಲೆ ಮೂಡುತ್ತಿತ್ತು. ಕಿಟಕಿಯ ಕೆಳಗೆ ಕಲೆ ಎಂದ ಮೇಲೆ ಕಿಟಕಿಯೇ ಸೋರುತ್ತದೆ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಮೊದಮೊದಲು ಹಳೆಯ ಅಂಟಿನ ಮೇಲೆ ಹೊಸ ಅಂಟು ಮೆತ್ತುತ್ತಿದ್ದರು. ನಾನು ಅದನ್ನು ನಿಲ್ಲಿಸಿ, ಕಿಟಕಿಯನ್ನೇ ಕಳಚಿ, ಹಳೆಯದನ್ನು ಪೂರ್ತಿ ಕೆರೆದು, ಎಂದೂ ಗಟ್ಟಿಯಾಗದ ಅಂಟುಪಟ್ಟಿ ಹಾಕುವ ಕ್ರಮ ತಂದೆ. ಕ್ರಮ ಸರಿಯಾಗಿತ್ತು, ಈಗಲೂ ಅದನ್ನೇ ಮಾಡಿ. ಆದರೆ ಕಲೆ ಮರುವರ್ಷ ಮತ್ತೆ ಬಂತು. ಒಂದು ವರ್ಷ ಅಲ್ಲಿನ ನೆಲದ ಹಲಗೆ ಕೊಳೆತು, ಹೊನ್ನಗಂಗಯ್ಯನವರು ತಾವೇ ಹೊಸ ಹಲಗೆ ಹಾಕಿಕೊಟ್ಟರು.

ಗಾಡಿಯ ಒಂಬತ್ತನೇ ವರ್ಷ, ಗೌರಿ ಗಣೇಶ ಹಬ್ಬ ಮುಗಿದ ವಾರ ಅದು ಶೆಡ್ಡಿಗೆ ಬಂತು. ಆ ಸಲ ಅವರು ನರ್ಮದೆಗೆ ಹೊರಡುವವರಿದ್ದರು. ಕಮಲಮ್ಮ ಮೇಡಂ ಯೋಜನೆಯಲ್ಲಿ ಉಳಿದಿದ್ದ ಕೊನೆಯ ನದಿ ಅದು. ದೊಡ್ಡ ನದಿಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ಓಡುವಾಗ ಇದು ಪಶ್ಚಿಮಕ್ಕೆ ಯಾಕೆ ತಿರುಗಿತು ಎಂಬ ಪ್ರಶ್ನೆಯನ್ನು ಅವರು ಪ್ರತಿ ಪರೀಕ್ಷೆಯಲ್ಲೂ ಕೊಡುತ್ತಿದ್ದರಂತೆ.

ನಾನು ಬಾಗಿಲು ತೆರೆದೆ. ಗೋಣಿಚೀಲದ ವಾಸನೆ. ಹಾಸಿಗೆ ಎತ್ತಿ ಹೊಸ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಕೆಳಗೆ ಪಿನ್ನಿನ ಸುತ್ತಲಿನ ಕಬ್ಬಿಣಕ್ಕೆ ತುಕ್ಕು ಹತ್ತಿತ್ತು. ಹೊನ್ನಗಂಗಯ್ಯನವರು ಮಂಡಿಯೂರಿ ಬಹಳ ಹೊತ್ತು ನೋಡಿದರು. ಹೊರಗೆ ಬಂದು ದಂಪತಿಯ ಎದುರೇ ಹೇಳಿದರು.

“ಸ್ವಾಮಿ, ಈ ಹಲಗೆ ಹಾಕಿದ್ದು ನಾನೇ. ಎರಡು ಮಳೆಗಾಲ ತಡೀಲಿಲ್ಲ. ನೀರು ಎಲ್ಲಿಂದ ಬರ್ತದೆ ಅಂತ ತಿಳೀದೆ ಇನ್ನೊಂದು ಹಾಕಿದ್ರೆ ನಿಮಗೆ ಮೋಸ ಮಾಡ್ದಂಗೆ. ಕಬ್ಬಿಣಕ್ಕೂ ಇಳಿದಿದೆ. ಪಿನ್ನು ಹಿಡಿದಿರೋ ಕಬ್ಬಿಣ ಅದು. ಕಾರಣ ಸಿಕ್ರೆ ಸರಿ. ಸಿಗಲಿಲ್ಲ ಅಂದ್ರೆ ಗಾಡಿ ಗೇಟ್ ದಾಟಬಾರದು. ಬಿಚ್ಚಿಬಿಡೋಣ. ಹೊಸದು ಕಟ್ಟಿಕೊಡ್ತೀನಿ.”

“ಹೊಸದು ಯಾವಾಗ ಆಗುತ್ತೆ ಗಂಗಯ್ಯ?” ಎಂದರು ಅಂಕಲ್.

“ಮುಂದಿನ ಬೇಸಿಗೆಗೆ.”

ಅಂಕಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ಹೋದ ಸಲ ಲೈಸೆನ್ಸ್‌ಗೆ ಕಣ್ಣು ನೋಡಿದ ಡಾಕ್ಟ್ರು ಇದೇ ಕೊನೆ ಅಂದಿದಾರೆ, ಅದೂ ಈ ವರ್ಷಕ್ಕೇ ಮುಗಿಯುತ್ತೆ. ಬೇಸಿಗೆಗೆ ಗಾಡಿ ಇರುತ್ತೆ, ಡ್ರೈವರ್ ಇರಲ್ಲ.”

ಕಮಲಮ್ಮ ಮೇಡಂ ಒಳಗೆ ಹೋಗಿ ಹಾಸಿಗೆಯ ಬಟ್ಟೆಗಳನ್ನು ಮಡಿಸತೊಡಗಿದರು. ಆ ಮಡಿಸುವಿಕೆಯನ್ನು ನೋಡಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆಯುಧ ಪೂಜೆಯವರೆಗೆ ಸಮಯ ಕೊಡಿ ಸಾರ್ ಎಂದು ಕೇಳಿದೆ. ಕೊಟ್ಟರು.

ಸೋರಿಕೆ ಹುಡುಕಲು ಅದುವರೆಗೆ ನಮ್ಮ ಕ್ರಮವೆಂದರೆ ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆದು, ಒಳಗೆ ಕೂತು ಕಾಯುವುದು. ನೀರು ಗೋಡೆಯೊಳಗೆ ತನಗಿಷ್ಟ ಬಂದ ದಾರಿ ಹಿಡಿದು ಬರುವುದರಿಂದ ಒಳಗೆ ಕಂಡ ಜಾಗಕ್ಕೂ ಹೊರಗಿನ ತೂತಿಗೂ ಸಂಬಂಧವಿರದು. ನಾನು ತಿರುವುಮುರುವು ಮಾಡಲು ನಿರ್ಧರಿಸಿದೆ. ಗಾಡಿಯ ಕಿಟಕಿ, ಬಾಗಿಲು, ಬಚ್ಚಲ ಕೊಳವೆ ಎಲ್ಲವನ್ನೂ ಬಿಗಿಯಾಗಿ ಮುಚ್ಚಿ, ಚಾವಣಿಯ ಗಾಳಿಕಿಂಡಿಗೆ ಬ್ಲೋವರ್ ಕೂರಿಸಿ ಒಳಕ್ಕೆ ಗಾಳಿ ತುಂಬಬೇಕು. ಹೊರಗೆ ಸೋಪು ನೀರು ಬಳಿಯಬೇಕು. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿಗೆ ಹಾಕುವ ಹಾಗೆ.

“ಇಷ್ಟ್ ದೊಡ್ಡ ಮನಿಗೆ ಪುಗ್ಗಾ ಮಾಡಾಕ ಹೊಂಟೀರೇನ್ರಿ ಮೇಡಂ?” ಎಂದ ಶರಣಪ್ಪ. “ಹಾರಿ ಹೋದ್ರ ಕೆಂಗೇರಿ ಕಡೆ ಹುಡುಕಬೇಕಾಕೈತಿ.” ಹೇಳುತ್ತಲೇ ಬ್ಲೋವರಿಗೆ ತಗಡಿನ ಕೊರಳು ಕತ್ತರಿಸಿ ಬೆಸೆದುಕೊಟ್ಟ. ಅದರ ಅಳತೆ ಎಷ್ಟು ಸರಿಯಾಗಿತ್ತೆಂದರೆ ಅಂಚಿಗೆ ಟೇಪು ಬೇಕಾಗಲಿಲ್ಲ.

ಕಿಟಕಿಯ ಸುತ್ತ ಸೋಪು ಬಳಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ನಮ್ಮ ಕಿಟಕಿ ಕೆಲಸ ಅಷ್ಟು ಚೆನ್ನಾಗಿತ್ತು ಎಂದು ಹೆಮ್ಮೆಪಡಬೇಕೋ, ಇಷ್ಟು ವರ್ಷ ಆರೋಗ್ಯವಂತನಿಗೆ ಔಷಧಿ ಕೊಟ್ಟೆವೆಂದು ಬೇಸರಪಡಬೇಕೋ ತಿಳಿಯಲಿಲ್ಲ. ಮೂತಿಯ ಅಡಿ, ಬದಿಯ ಜೋಡಣೆ, ಲೈಟಿನ ವೈರು ಹೋಗುವ ಕಿಂಡಿ, ಎಲ್ಲವನ್ನೂ ಎರಡು ದಿನ ನೋಡಿದೆವು. ಏನೂ ಇಲ್ಲ. ಬಂದ ಹೊಸತರಲ್ಲಿ ಇಂಥ ದಿನಗಳ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಈ ಕೆಲಸದ ಬಹುಪಾಲು ಇಂಥ ದಿನಗಳೇ.

ಮೂರನೆಯ ದಿನ ಕಮಲಮ್ಮ ಮೇಡಂ ಡಬ್ಬಿಯಲ್ಲಿ ಚಿತ್ರಾನ್ನ ತಂದರು. ನಾವು ಮೂತಿಯ ನೆರಳಲ್ಲಿ ಕೂತು ತಿಂದೆವು. ನಾನು ನೋಡಿದ ಜಾಗಗಳನ್ನೆಲ್ಲ ಅವರಿಗೆ ಹೇಳಿದೆ. ಅವರು ಕಲೆಯಿರುವ ಕಡೆ, ಆಮೇಲೆ ಮೇಲಕ್ಕೆ ನೋಡಿದರು.

“ಎಲ್ಲಾ ಕಲೆ ಆಸುಪಾಸಲ್ಲೇ ನೋಡಿದೀಯಲ್ಲಮ್ಮ.”

“ಕಲೆ ಸುತ್ತ ಎಲ್ಲ ನೋಡಿದೀನಿ ಮೇಡಂ.”

“ಅದೇ ಹೇಳ್ತಾ ಇರೋದು. ಕಲೆ ಅಂದ್ರೆ ನದಿ ಸಮುದ್ರ ಸೇರೋ ಜಾಗ. ನೀವು ಇಷ್ಟು ವರ್ಷ ಸಮುದ್ರಕ್ಕೆ ಅಂಟು ಮೆತ್ತಿದೀರಿ. ಹುಟ್ಟಿದ ಜಾಗ ಎಲ್ಲೋ ಮೇಲಿರುತ್ತೆ ಕಣೇ. ಸಣ್ಣದಾಗಿರುತ್ತೆ. ನಾವು ನೋಡಿದ ಕಡೆಯೆಲ್ಲ ಎಷ್ಟು ಸಣ್ಣದಾಗಿತ್ತು ಅಂದ್ರೆ, ಇವರು ಇಷ್ಟಕ್ಕೇನೇ ಡೀಸೆಲ್ ಹಾಕಿಸ್ಕೊಂಡು ಬಂದಿದ್ದು ಅಂತ ಪ್ರತಿ ಸಲ ಬೈತಿದ್ರು.”

ಊಟದ ಡಬ್ಬಿ ಮುಚ್ಚಿ ನಾನು ಏಣಿ ಹತ್ತಿದೆ. ಮೂತಿಯ ಹಣೆಯಲ್ಲಿ, ಚಾವಣಿಯ ಅಂಚಿಗಿಂತ ಸ್ವಲ್ಪ ಕೆಳಗೆ, ನುಣುಪಾದ ಫೈಬರ್ ಹಾಳೆ. ಅಲ್ಲಿ ಕಿಟಕಿಯಿಲ್ಲ, ಜೋಡಣೆಯಿಲ್ಲ. ಸೋರಲು ಏನೂ ಇಲ್ಲದ ಜಾಗ ಎಂದೇ ಅದನ್ನು ಬಿಟ್ಟಿದ್ದೆವು. ಸೋಪು ಬಳಿದೆ. ಸ್ವಲ್ಪ ಹೊತ್ತಾದ ಮೇಲೆ ಎಡಬದಿಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಪಕ್ಕ ಒಂದು ಎದ್ದವು. ಒಂದು ಸಾಲು. ಏಣಿ ಸರಿಸಿ ಬಲಬದಿಗೆ ಬಳಿದೆ. ಅಷ್ಟೇ ಎತ್ತರದಲ್ಲಿ, ಅಷ್ಟೇ ಉದ್ದದ ಇನ್ನೊಂದು ಸಾಲು.

ಶರಣಪ್ಪ ಬಂದು ಬಣ್ಣ ಕೆರೆದ. ಬಿಳಿ ಪುಟ್ಟಿಯಿಂದ ಅಚ್ಚುಕಟ್ಟಾಗಿ ಮುಚ್ಚಿ, ಮೇಲೆ ಬಣ್ಣ ಕೊಟ್ಟಿದ್ದ ಸ್ಕ್ರೂ ತೂತುಗಳು. ಪುಟ್ಟಿ ಒಣಗಿ ಕುಗ್ಗಿ, ಪ್ರತಿಯೊಂದರ ಸುತ್ತ ಕೂದಲೆಳೆಯಷ್ಟು ಬಿರುಕು. “ಇದೇನ್ರಿ ಇದು, ಯಾರರ ಹೊಲಿಗಿ ಹಾಕ್ಯಾರೇನು?” ಎಂದ. ನನಗೂ ಗೊತ್ತಾಗಲಿಲ್ಲ. ಇಲ್ಲಿ ಏನನ್ನೂ ಯಾರೂ ಬಿಗಿದದ್ದು ನಕ್ಷೆಯಲ್ಲಿಲ್ಲ.

ಹೊನ್ನಗಂಗಯ್ಯನವರು ಊಟ ಮುಗಿಸಿ ಕೈ ಒರೆಸುತ್ತ ಬಂದರು. ಕೆಳಗೆ ನಿಂತು ಮೇಲೆ ನೋಡಿದರು. ಕೈ ಒರೆಸುವುದು ನಿಂತಿತು.

“ಇಳಿಯಮ್ಮ” ಎಂದರು.

ತಾವು ಏಣಿ ಹತ್ತಿದರು. ಮೊದಲ ತೂತಿನ ಮೇಲೆ ಹೆಬ್ಬೆರಳು ಇಟ್ಟರು. “ಇದು ಗಾಡಿ ಬಂದ ಮೊದಲ ವರ್ಷದ್ದು. ಇದು ಕಾವೇರಿಗೆ ಹೋಗಿ ಬಂದ ವರ್ಷ. ಇದು ನಮ್ಮಮ್ಮ ತೀರಿಕೊಂಡ ವರ್ಷ, ಸೂತಕ ಇತ್ತು, ಹತ್ತು ದಿನ ತಡವಾಗಿ ಕಟ್ಟಿದ್ದೆ.” ಮುಂದಿನ ತೂತುಗಳ ಮೇಲೆ ಬೆರಳು ಇಡುತ್ತ ಹೋದರು.

ನಮಗೆ ಆಗ ಅರ್ಥವಾಯಿತು. ಲಾರಿಗೆ ಬಾಳೆಕಂದು ಕಟ್ಟಲು ಕನ್ನಡಿಯ ಕಂಬಿ ಇದೆ, ಬಂಪರ್ ಇದೆ. ಮನೆಗಾಡಿಯ ಮುಖ ಬೋಳು. ಕಂದು ಮುಖದ ಎರಡು ಬದಿಗೂ ನೆಟ್ಟಗೆ ನಿಲ್ಲಬೇಕು. ಹಾಗಾಗಿ ಪ್ರತಿವರ್ಷ ಎರಡು ಸ್ಕ್ರೂ ಹೊಡೆದು, ಹುರಿಯಿಂದ ಬಿಗಿದು, ಪೂಜೆ ಮುಗಿದ ಮೇಲೆ ಸ್ಕ್ರೂ ತೆಗೆದು, ಗಾಡಿಗೆ ಗಾಯ ಕಾಣಬಾರದೆಂದು ಪುಟ್ಟಿ ತುಂಬಿ, ಬಣ್ಣ ಕೊಟ್ಟು, ಒರೆಸಿ ಇಳಿಯುತ್ತಿದ್ದರು. ಹಳೆಯ ತೂತು ಸ್ಕ್ರೂ ಹಿಡಿಯದ್ದರಿಂದ ಮರುವರ್ಷ ಅದರ ಪಕ್ಕದಲ್ಲಿ ಹೊಸದು. ಎಷ್ಟು ಎಚ್ಚರಿಕೆಯಿಂದ ಮುಚ್ಚಿದ್ದರೆಂದರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೂವು ಎಸೆದು ಬಿಟ್ಟ ಬೇರೆ ಗಾಡಿಗಳ ಹಣೆಯಲ್ಲಿ ಒಂದು ಗೀರೂ ಇರಲಿಲ್ಲ.

ಅವರು ಇಳಿದು, ಎದುರಿಗೆ ಬಂದಿದ್ದ ಚನ್ನಕೇಶವ ಅಂಕಲ್ ಮುಂದೆ ನಿಂತರು. “ಸ್ವಾಮಿ, ಗಾಡಿ ಕೊಳೆಸಿದ್ದು ನಾನೇ.”

ಅಂಕಲ್ ಮೇಲೆ ನೋಡಿದರು, ಅವರನ್ನು ನೋಡಿದರು. “ನೀನು ಸ್ಕ್ರೂ ಹೊಡೀವಾಗ ಏಣಿ ಹಿಡ್ಕೊಂಡಿದ್ದು ಯಾರು ಗಂಗಯ್ಯ? ಮೊದಲನೇ ವರ್ಷ ಇನ್ನೂ ಸ್ವಲ್ಪ ಮೇಲೆ ಹೊಡಿ, ಎತ್ತರಕ್ಕಿದ್ರೆ ಲಕ್ಷಣ ಅಂದಿದ್ದೂ ನಾನೇ.”

“ಹುರಿ ಕೊಟ್ಟಿದ್ದು ನಾನು” ಎಂದರು ಕಮಲಮ್ಮ ಮೇಡಂ. “ಈಗ ಮೂರು ಜನಾನೂ ಕೈ ಕಟ್ಟಿ ಬೆಂಚ್ ಮೇಲೆ ನಿಂತ್ಕೊಳ್ಳೋಣವಾ? ಹುಟ್ಟಿದ ಜಾಗ ಸಿಕ್ತಲ್ಲ. ಅದನ್ನ ಮುಚ್ಚೋದು ನೋಡಿ.”

ನಾವೂ ಅಷ್ಟೇ. ವರ್ಷವರ್ಷ ಏಣಿಯ ಬುಡದಲ್ಲಿ ನಿಂತು, ಕಂದನ್ನು ಯಾವುದಕ್ಕೆ ಕಟ್ಟಿದೆ ಎಂದು ಕೇಳದೆ ಮಂಗಳಾರತಿಗೆ ಕೈ ಮುಗಿದವರೇ.

ಆಮೇಲಿನ ದಿನಗಳಲ್ಲಿ ಹೊನ್ನಗಂಗಯ್ಯನವರು ಬೇರೆ ಕೆಲಸ ಮುಟ್ಟಲಿಲ್ಲ. ಹಣೆಯ ಹಾಳೆಯನ್ನು ಪೂರ್ತಿ ತೆಗೆದರು. ಒಳಗೆ ನೀರು ಇಳಿದ ದಾರಿ ಮರದ ಪಟ್ಟಿಗಳ ಮೇಲೆ ಕಪ್ಪಗೆ ಕಾಣುತ್ತಿತ್ತು: ಮೇಲೆ ಎರಡು ಕಡೆ ಸಣ್ಣದಾಗಿ ಹುಟ್ಟಿ, ಕೆಳಗೆ ಬರುತ್ತ ಒಂದಕ್ಕೊಂದು ಸೇರಿ, ಕಿಟಕಿಯ ಕೆಳಗೆ ಹರಡಿಕೊಂಡಿತ್ತು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಕೊಳೆತ ಪಟ್ಟಿಗಳು ಹೋಗಿ ಅಲ್ಯೂಮಿನಿಯಂ ಬಂತು. ನೆಲಕ್ಕೆ ನೀರು ತಡೆಯುವ ಪ್ಲೈವುಡ್ ಹಾಕಿದೆವು. ಪಿನ್ನಿನ ಸುತ್ತಲಿನ ತುಕ್ಕನ್ನು ಕೆರೆದು, ನಾನು ಕೆಂಪು ದ್ರವ ಸಿಂಪಡಿಸಿ, ಒರೆಸಿ, ಬಿಳಿ ಪುಡಿ ಎರಚಿದೆ. ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಇಡೀ ಶೆಡ್ಡು ಸುತ್ತ ನಿಂತಿತ್ತು. ನಾವು ಕಾದೆವು. ಬಿಳಿ ಬಿಳಿಯಾಗಿಯೇ ಉಳಿಯಿತು. ಒಂಬತ್ತು ವರ್ಷ ಘಾಟಿ, ಹಳ್ಳ, ತುಕ್ಕು ಎಲ್ಲವನ್ನೂ ತಡೆದ ಆ ಬೆಸುಗೆ ಹಾಕಿದ ಕೈಯೂ ಹೊನ್ನಗಂಗಯ್ಯನವರದೇ. ಶರಣಪ್ಪ ಬಗ್ಗಿ ಆ ಬೆಸುಗೆಯ ಮೇಲೆ ಬೆರಳಾಡಿಸಿ, “ಇಂಥಾದ್ದು ನನಗ ಇನ್ನೂ ಬರಂಗಿಲ್ರಿ” ಎಂದ. ಅವನು ಯಾರನ್ನೂ ರೇಗಿಸದೆ ಆಡಿದ ಮಾತು ನನಗೆ ನೆನಪಿರುವಂತೆ ಅದೊಂದೇ.

ಮತ್ತೆ ಗಾಳಿ ತುಂಬಿ ಸೋಪು ಬಳಿದೆವು. ಎಲ್ಲಿಯೂ ಗುಳ್ಳೆಯಿಲ್ಲ. ಹೊನ್ನಗಂಗಯ್ಯನವರು ಮುದ್ದೆ ಉಂಡು, ಚಪ್ಪಲಿ ಬಿಟ್ಟು ಒಳಗೆ ಹೋದರು. ಎಂದಿಗಿಂತ ಹೆಚ್ಚು ಹೊತ್ತು ಮಲಗಿದರು. ಹೊರಗೆ ಬಂದು, “ಸದ್ದಿಲ್ಲ” ಎಂದರು.

ಹೊಸಬರಿಗೆ ನಾನು ಹೇಳುವುದು ಇದು. ಮೂಗಿನಿಂದ ಶುರುಮಾಡಿ. ಗಾಳಿ ತುಂಬುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿ. ಟೈರಿನ ವಯಸ್ಸು ಕೇಳಿ. ಕಲೆ ಕಂಡರೆ ಅಲ್ಲಿಂದ ಮೇಲಕ್ಕೆ ಹತ್ತಿ. ಗಾಡಿಗೆ ಏನೇನಾಯಿತು ಎಂದು ಒಡೆಯರನ್ನು ಕೇಳುವಾಗ ಅಪಘಾತ, ಗುದ್ದು, ಗೀರುಗಳಷ್ಟೇ ಕೇಳಬೇಡಿ. ಅದಕ್ಕೆ ಪ್ರೀತಿಯಿಂದ ಏನೇನು ಮಾಡಿದಿರಿ ಎಂದೂ ಕೇಳಿ. ಹಾಗೆ ಕೇಳಿದ್ದರಿಂದ ಆಮೇಲೆ ನನಗೆ ಎಷ್ಟೋ ಸೋರಿಕೆಗಳು ಸಿಕ್ಕಿವೆ. ಒಬ್ಬರು ಮೊಮ್ಮಗಳ ಉಯ್ಯಾಲೆಗೆಂದು ಚಾವಣಿಗೆ ಕೊಂಡಿ ಹಾಕಿದ್ದರು. ಇನ್ನೊಬ್ಬರ ಬಾಗಿಲ ಮೇಲೆ ತೋರಣದ ಮೊಳೆಯಿತ್ತು.

ಆಯುಧ ಪೂಜೆಯ ದಿನ ಬೆಳಿಗ್ಗೆ ನಾನು ಹೋದಾಗ ಗಾಡಿಯ ಮೂತಿಯ ಎರಡೂ ಕಡೆ ಒಂದೊಂದು ಬಣ್ಣದ ಡ್ರಮ್ಮು ನಿಂತಿತ್ತು. ಅವುಗಳಿಗೆ ಮರಳು ತುಂಬಿ, ಅದರಲ್ಲಿ ಬಾಳೆಕಂದುಗಳನ್ನು ನೆಟ್ಟಿದ್ದರು. ಮಾಗಡಿ ಕಡೆಯ ತೋಟದಿಂದ ತರಿಸಿದ ಎತ್ತರದ ಕಂದುಗಳು, ಗೊನೆ ಸಮೇತ. ಎಲೆಗಳು ಗಾಡಿಯ ಹಣೆಯವರೆಗೂ ಹೋಗಿದ್ದವು, ಆದರೆ ಗಾಡಿಗೆ ತಾಗುತ್ತಿರಲಿಲ್ಲ. ನಡುವೆ ಒಂದು ಗೇಣು ಜಾಗ ಬಿಟ್ಟಿದ್ದರು. ಹೊನ್ನಗಂಗಯ್ಯನವರು ಆ ಜಾಗದಲ್ಲಿ ಕೈ ಆಡಿಸಿ ನೋಡಿ, ಒಂದು ಡ್ರಮ್ಮನ್ನು ಕಾಲಲ್ಲಿ ಇನ್ನಷ್ಟು ಆಚೆಗೆ ಸರಿಸಿದರು.

ಪೂಜೆಯಾಯಿತು. ಕುಂಬಳಕಾಯಿ ಒಡೆದದ್ದೂ ಅವರೇ. ಅಂಕಲ್ ಲಾರಿಯನ್ನು ಹಿಂದಕ್ಕೆ ತಂದು ಪಿನ್ನು ಕೂರಿಸಿದರು. ಮೇಡಂ ಟಾರ್ಚ್ ಹಿಡಿದು ಬಗ್ಗಿದರು. ಬ್ರೇಕ್ ಹಿಡಿದು ಎಳೆದು ನೋಡಿದ್ದಾಯಿತು. ಮೇಡಂ ಮೂತಿಗೆ ತಟ್ಟಲು ಕೈ ಎತ್ತಿದವರು, ತಡೆದು ಹೊನ್ನಗಂಗಯ್ಯನವರ ಕಡೆ ತಿರುಗಿದರು.

“ಈ ಸಲ ನೀವು ಹೇಳಿ.”

ಅವರು ಮುಂದೆ ಬಂದು, ಹೊಸ ಹಾಳೆಯ ಮೇಲೆ ಅಂಗೈ ಇಟ್ಟರು. ತಟ್ಟಲಿಲ್ಲ. “ರೈಟ್” ಎಂದರು. ದನಿ ಸಣ್ಣದಾಗಿತ್ತು. ಅಂಕಲ್ಲಿಗೆ ಕೇಳಿಸಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, “ಕಂಡಕ್ಟ್ರೇ, ಊಟ ಆಗಿಲ್ವಾ?” ಎಂದರು.

“ರೈಟ್ ರೈಟ್” ಎಂದು ಹೊನ್ನಗಂಗಯ್ಯನವರು ಈ ಸಲ ಜೋರಾಗಿ ಹೇಳಿದರು.

ಗಾಡಿ ಗೇಟು ದಾಟಿ ಮೈಸೂರು ರಸ್ತೆಯ ಕಡೆ ತಿರುಗಿತು. ಎರಡು ಬಾಳೆಕಂದುಗಳು ನಿಂತಲ್ಲೇ ನಿಂತಿದ್ದವು, ನಡುವೆ ಗಾಡಿ ಇದ್ದಷ್ಟೇ ಅಗಲದ ಖಾಲಿ ಜಾಗ. ಅವನ್ನು ತೆಗೆಯಲು ಹೊರಟ ಶರಣಪ್ಪನಿಗೆ ಹೊನ್ನಗಂಗಯ್ಯನವರು ಬೇಡವೆಂದು ಕೈ ಮಾಡಿದರು. ನರ್ಮದೆಯಿಂದ ಗಾಡಿ ವಾಪಸು ಬರುವಾಗ ಎಲೆಗಳೆಲ್ಲ ಒಣಗಿ ಜೋತಿದ್ದವು. ಅಂಕಲ್ ಅವುಗಳ ನಡುವೆ, ಎರಡು ಕಡೆಯೂ ಒಂದೊಂದು ಗೇಣು ಬಿಟ್ಟು, ಒಂದೇ ಸಲಕ್ಕೆ ತಂದು ನಿಲ್ಲಿಸಿದರು.